ಚೀಟಿ ಕಳಚಿದ ಪತಂಗ

ಕೀಟ ಕೊಲ್ಲುವುದು ನನ್ನ ಹೊಟ್ಟೆಪಾಡು. ಇಲ್ಲಿ ಗಲ್ಫಿನಲ್ಲಿ, ಟುಬ್ಲಿಯ ಗೋದಾಮುಗಳಿಗೆಲ್ಲ ಔಷಧ ಹೊಡೆದು ಸೆಗಯಾದ ರೂಮಿಗೆ ಬಂದರೆ, ಮಂಚದಡಿಯಲ್ಲಿ ಲಡಾಖಿನ ಮೂವತ್ತು ಒಣ ಪತಂಗಗಳ ಪೆಟ್ಟಿಗೆ. ನಗುವ ವಿಷಯವೇ, ನಗಿ.

ಪೆಟ್ಟಿಗೆ ನನಗೆ ಪ್ರಾಣಿಶಾಸ್ತ್ರ ಕಲಿಸಿದ ಮೇಡಂ ಅವರದು. ವರ್ಷಾ ವರ್ಷಾ ಬೇಸಿಗೆ ರಜೆಯಲ್ಲಿ ಆ ಚಳಿಯ ಕಣಿವೆಗಳಿಗೆ ಹೋಗಿ, ಬಿಳಿ ಪರದೆ ಕಟ್ಟಿ, ದೀಪ ಹಚ್ಚಿ ಕೂತು ಹಿಡಿದದ್ದು. ಕಣ್ಣು ಪೂರ್ತಿ ಹೋದ ಮೇಲೆ, ನಾನು ಗಲ್ಫಿಗೆ ಹೊರಟಾಗ, ನನ್ನ ಕೈಗೆ ಕೊಟ್ಟರು. "ಇದರಲ್ಲಿ ಒಂದಾದರೂ ಯಾರೂ ಹೆಸರಿಡದ್ದು ಉಂಟು. ನಾನಿರುವಾಗಲೇ ಅದರ ಹೆಸರು ಕೇಳಬೇಕು ಮಾರಾಯಾ."

ಪ್ರತಿ ಪತಂಗದ ಸೂಜಿಗೂ ಸಾಸಿವೆಯಷ್ಟು ಸಣ್ಣ ಅಕ್ಷರದ ಚೀಟಿ: ಜಾಗ, ಎತ್ತರ, ತಾರೀಕು. ಅದು ಹೋದರೆ ಪತಂಗ ಬರೀ ಧೂಳು. ಇದನ್ನು ಕಲಿಸಿದ್ದೂ ಅವರೇ. ಆದರೂ ಹೊರಡುವ ಹಿಂದಿನ ದಿನ, ಕಸ್ಟಮ್ಸಿನವರು ಚೀಟಿ ಓದಿ ಪ್ರಶ್ನೆ ಕೇಳಿದರೆ ಸಿಕ್ಕಿದ ವೀಸಾಕ್ಕೇ ಕುತ್ತು ಎಂದು ಹೆದರಿ, ಮೂವತ್ತನ್ನೂ ಕಳಚಿ ಒಂದು ಲಕೋಟೆಗೆ ತುಂಬಿದೆ. ಗೋಡೆಗೆ ತೂಗುವ ಶೋಪೀಸ್ ಎಂದರಾಯಿತು. ಯಾವುದು ಯಾವುದರದ್ದು, ನೆನಪಿರುತ್ತದೆ ಅಂದುಕೊಂಡಿದ್ದೆ. ಕಸ್ಟಮ್ಸಿನವನು ಪೆಟ್ಟಿಗೆ ಮುಟ್ಟಲೂ ಇಲ್ಲ.

ಕಳೆದ ತಿಂಗಳು, ನಾನು ಕಳಿಸಿದ ಫೋಟೋ ನೋಡಿ ತಜ್ಞರೊಬ್ಬರು ಬರೆದರು: ಮೂರನೇ ಸಾಲಿನ ಬೂದು ಪತಂಗ ಹೊಸದಿರಬಹುದು, ಎಲ್ಲಿ ಸಿಕ್ಕಿತು? ಲಕೋಟೆ ಸುರುವಿಕೊಂಡು ಕೂತೆ. ನುಬ್ರಾ ಕಣಿವೆಯದೋ, ಝನ್ಸ್ಕಾರದ್ದೋ? ಅಂದಾಜಿಗೆ ಒಂದು ಚೀಟಿ ಚುಚ್ಚಿಬಿಡಬಹುದಿತ್ತು. ಆಮೇಲೆ ಯಾರೋ ಆ ಕಣಿವೆಗೆ ಹೋಗಿ ಅಲ್ಲಿಲ್ಲದ ಪತಂಗಕ್ಕೆ ರಾತ್ರಿಗಟ್ಟಲೆ ಕಾಯಬೇಕು. ಗೊತ್ತಿಲ್ಲ ಎಂದು ಬರೆದೆ. ಹಾಗಾದರೆ ಹೆಸರಿಡಲಾಗದು ಎಂದು ಒಂದು ಸಾಲಿನ ಉತ್ತರ ಬಂತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವರ ಅಷ್ಟು ವರ್ಷಗಳನ್ನು ನಾನು ಒಂದು ಮಧ್ಯಾಹ್ನದಲ್ಲಿ ಹಾಳು ಮಾಡಿದ್ದೆ.

ಶುಕ್ರವಾರ ಮೇಡಂ ಫೋನ್ ಮಾಡಿದರು. "ಎಂತ ಆಯ್ತು ಮಾರಾಯಾ? ಹೊಸತು ಉಂಟಾ?"

"ಒಂದು ಬೂದು ಬಣ್ಣದ್ದು ಇರಬಹುದಂತೆ, ಮೇಡಂ." ಆ ಒಂದು ಸಾಲಿನ ಉತ್ತರದ ಸುದ್ದಿ ಎತ್ತಲಿಲ್ಲ.

"ಅದರ ಚೀಟಿ ಓದು, ನೋಡುವ."

ಲಕೋಟೆಗೆ ಕೈ ಹಾಕಿ, ಸಿಕ್ಕಿದ್ದನ್ನು ಓದಿದೆ.

"ಅದೇ! ಅವತ್ತು ಗಾಳಿಗೆ ಪರದೆಯೇ ಹಾರಿಹೋಗಿತ್ತು. ಇದೊಂದು ನನ್ನ ಶಾಲಿನ ಮೇಲೆ ಬಂದು ಕೂತದ್ದು. ನಂಗೆ ಆಗಲೇ ಗೊತ್ತಿತ್ತು." ಅವರು ಅಳುತ್ತಿದ್ದರು. "ಇನ್ನೊಮ್ಮೆ ಓದು."

ಓದಿದೆ.