ಯಂತ್ರಕ್ಕೆ ಕಿವಿ ಕೊಟ್ಟವನು

ಸಾವಳಗಿಯ ಹೊರಗಿನ ಎರೆಹೊಲದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಅಮಸಿದ್ದಪ್ಪ ಒಂದು ಕಬ್ಬಿಣದ ಸರಳಿನ ತುದಿಯನ್ನು ಚೈನಿನ ಮೇಲೆ ಓಡುವ ಟ್ರ್ಯಾಕ್ಟರಿನ ಎಂಜಿನ್ನಿಗೆ ಆನಿಸಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದಾನೆ. ಎಂಜಿನ್ ಗುಡುಗುತ್ತಿದೆ. ಹೊಸಬರು ಕಂಡರೆ ಇವನಿಗೇನು ತಲೆ ಕೆಟ್ಟಿದೆಯೇ ಅಂದಾರು. ತುಸು ಹೊತ್ತಿನ ಮೇಲೆ ಎಂಜಿನ್ ಆರಿಸಿ ನಟ್ಟು ತಿರುಗಿಸುವ ಪಾನಾ ಕೈಗೆತ್ತಿಕೊಳ್ಳುತ್ತಾನೆ.

"ಒಳಗ ಏನೋ ಸಡ್ಲ ಆಗೇತ್ರಿ," ಎಂದು ಊರಿಗೇ ಕೇಳುವಷ್ಟು ಜೋರಾಗಿ ಹೇಳುತ್ತಾನೆ. "ಕಿವಿಗೆ ಕೇಳೂದಿಲ್ಲ. ಹಲ್ಲಿಗೆ ತಿಳಿತೈತಿ."

ವಯಸ್ಸು ಇನ್ನೂ ಮೂವತ್ತೈದರ ಆಸುಪಾಸು. ರೊಟ್ಟಿಯ ಬುತ್ತಿ ತಂದ ಹೆಂಡತಿ ಸಾತವ್ವ ಅವನನ್ನು ಕೂಗುವುದಿಲ್ಲ, ಹೆಗಲು ಮುಟ್ಟುತ್ತಾಳೆ. ಕೂಗಿ ಕೂಗಿ ಸಾಕಾಗಿದೆ ಅವಳಿಗೆ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತರಲ್ಲಿ ಊರ ರೈತರ ಸಂಘ ಈ ಟ್ರ್ಯಾಕ್ಟರ್ ತಂದಿತು. ಎರೆಭೂಮಿಯಲ್ಲಿ ಆಳಕ್ಕಿಳಿದ ಕರಿಕೆ ಹುಲ್ಲಿನ ಬೇರು ಎತ್ತುಗಳಿಗೆ ಬಗ್ಗುವಂಥದ್ದಲ್ಲ. ಟ್ರ್ಯಾಕ್ಟರೇನೋ ಬಂತು, ನೋಡಿಕೊಳ್ಳುವುದು ಯಾರಿಗೂ ಗೊತ್ತಿರಲಿಲ್ಲ. ಸಂಘದ ಹಿರಿಯರಾದ ಶಿವಯೋಗೆಪ್ಪನವರು ಆ ಮಾತು ಬಂದರೆ ಈಗಲೂ ನಾಚಿಕೊಳ್ಳುತ್ತಾರೆ. "ಎಂಜಿನ್ ಎಣ್ಣಿ ಖಾಲಿ ಆಗಿತ್ರಿ. ಗಾಣದ ಕುಸುಬಿ ಎಣ್ಣಿ ಹಾಕಿದ್ವಿ. ನಾವು ಉಣ್ಣೂ ಛಲೋ ಎಣ್ಣಿ, ಅದಕ್ಯಾಕ ಒಗ್ಗೂದಿಲ್ಲ ಅಂತ ತಿಳಕೊಂಡ್ವಿ." ಆ ಛಲೋ ಎಣ್ಣೆ ಒಳಗೆ ಅಂಟಾಗಿ, ಎಂಜಿನ್ ಕಚ್ಚಿಕೊಂಡು, ಟ್ರ್ಯಾಕ್ಟರು ಬೇಸಿಗೆ ಪೂರ್ತಿ ಬೇವಿನ ಗಿಡದ ಕೆಳಗೆ ನಿಂತಿತು. ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆ ಇಟ್ಟವು.

ಒಬ್ಬನಾದರೂ ಕಲಿತು ಬರಲಿ ಎಂದು ಪುಣೆಯ ಕಡೆಯ ಒಂದು ಕಾರ್ಯಾಗಾರಕ್ಕೆ ಕಳಿಸುವುದೆಂದಾಯಿತು. ಕುರಿ ಕಾಯುತ್ತಿದ್ದ ಅಮಸಿದ್ದಪ್ಪನನ್ನು ಆರಿಸಿದ್ದು ಅವನ ಕಿವಿಗಾಗಿ. ಕತ್ತಲಲ್ಲಿ ಒಂದು ಕುರಿ ಕೆಮ್ಮಿದರೆ ಸಾಕು, ಅದು ಯಾವ ಕುರಿ, ಏನು ಬೇನೆ ಎಂದು ಕಂಬಳಿಯೊಳಗಿಂದಲೇ ಹೇಳುತ್ತಿದ್ದ. ಬೀರೇಶ್ವರನ ಗುಡಿಯ ಡೊಳ್ಳಿನ ಮೇಳದಲ್ಲಿ ಮುಂದೆ ನಿಂತು ಹಾಡುವವನೂ ಅವನೇ.

ವರ್ಷದ ತರಬೇತಿ ಮುಗಿಸಿ ಬಂದ ಮೇಲೆ ಟ್ರ್ಯಾಕ್ಟರು ಒಂದು ದಿನವೂ ಮೊಂಡು ಹಿಡಿದಿಲ್ಲ. ಸಾವಳಗಿಯಿಂದ ತುಬಚಿಯವರೆಗೆ ಕರಿಕೆ ಕಿತ್ತ ಹೊಲಗಳಲ್ಲಿ ಈಗ ಜೋಳ ಆಳೆತ್ತರ ನಿಲ್ಲುತ್ತದೆ. ಆದರೂ ಅವನ ಹೆಸರು ಹೇಳುವವರು ಕಡಿಮೆ. "ಕೆಟ್ಟದ್ದನ್ನ ರಿಪೇರಿ ಮಾಡಿದ್ರ ಮಂದಿ ನೆರಿತಾರ್ರಿ," ಎಂದು ಅವನು ನಗುತ್ತಾನೆ. "ಕೆಡದಂಗ ನೋಡಿಕೊಂಡ್ರ, ಇಂವಗೇನ ಕೆಲಸ ಐತಿ ಅಂತಾರ."

ಕಿವಿ ಒಮ್ಮೆಲೇ ಹೋಗಲಿಲ್ಲ. ಪುಣೆಯಲ್ಲಿ ತಗಡಿನ ಶೆಡ್ಡಿನೊಳಗೆ ಇಡೀ ದಿನ ಎಂಜಿನ್ನುಗಳ ನಡುವೆ ನಿಂತ. ಊರಿಗೆ ಬಂದು ಈ ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತ. ಮೊದಲು ಕುರಿಯ ಕೊರಳಗಂಟೆ ಕೇಳದಾಯಿತು, ಆಮೇಲೆ ಸಾತವ್ವನ ಮಾತು. ಒಂದು ಅಮಾವಾಸ್ಯೆಯ ದಿನ ಹಾಡುತ್ತ ಹಾಡುತ್ತ ಸುರ ತಪ್ಪಿದ. ಮೇಳದವರು ನೆಲ ನೋಡತೊಡಗಿದಾಗಲೇ ಅವನಿಗೆ ಗೊತ್ತಾದದ್ದು. ಅಂದಿನಿಂದ ತಮ್ಮ ಧರೆಪ್ಪ ಹಾಡುತ್ತಾನೆ. ಅಮಸಿದ್ದಪ್ಪ ಎದುರಿಗೆ ಕೂತು ತಮ್ಮನ ತುಟಿ ನೋಡುತ್ತಾನೆ. ಅದನ್ನು ನೋಡುವುದು ಕಷ್ಟ.

ಈಗ ಸಂಘಕ್ಕೆ ಇನ್ನೊಂದು ಟ್ರ್ಯಾಕ್ಟರ್ ಬರಲಿದೆ. ಅದಕ್ಕಾಗಿ ಧರೆಪ್ಪನನ್ನು ಅದೇ ತರಬೇತಿಗೆ ಕಳಿಸೋಣ, ಅಮಸಿದ್ದಪ್ಪ ಹೂಂ ಅನ್ನಲಿ ಎಂದು ಶಿವಯೋಗೆಪ್ಪನವರು ಹೇಳಿದ್ದಾರೆ. ಧರೆಪ್ಪನಂತೂ ತುದಿಗಾಲ ಮೇಲಿದ್ದಾನೆ. ಸಾತವ್ವ ಮಾತ್ರ ಒಪ್ಪುವುದಿಲ್ಲ. "ಒಂದ ಮನ್ಯಾಗ ಇಬ್ಬರಿಗೆ ಒದರಾಕ ನನ್ನ ಗಂಟಲಾಗ ಬಲ ಇಲ್ರಿ," ಎನ್ನುತ್ತಾಳೆ.

ಅಮಸಿದ್ದಪ್ಪನಿಗೆ ನಿದ್ದೆ ಸರಿಯಾಗಿಲ್ಲ. "ಬ್ಯಾಡ ಅಂದ್ರ ಅಂವಾ ಕೆಲಸ ಕಲಿಯೂದಿಲ್ಲ. ಹೂಂ ಅಂದ್ರ ಮನಿಯಾಗಿನ ಹಾಡು ಹೋಗತೈತಿ," ಎನ್ನುತ್ತಾನೆ. ಅವನನ್ನು ಕೊರೆಯುವುದು ಇನ್ನೊಂದಿದೆ. "ಎಂಜಿನ್ನಿಗೆ ಧೂಳ ಹೋಗಬಾರದಂತ ಜಾಳಗಿ ಹಾಕೂದು ಕಲಿಸಿದ್ರು. ಯಾವ ಕೀಲಿಗೆ ಯಾವ ಎಣ್ಣಿ, ಎಲ್ಲಾ ಕಲಿಸಿದ್ರು. ಕಿವ್ಯಾಗ ಹತ್ತಿ ಅರಳಿ ಇಟ್ಕೋ ಅಂತ ಯಾರೂ ಹೇಳಲಿಲ್ರಿ. ಸುತ್ತ ಹತ್ತಿ ಹೊಲ ಇಟ್ಕೊಂಡು ನನಗೂ ಹೊಳಿಲಿಲ್ಲ ನೋಡ್ರಿ."

ಬಿಸಿಲೇರುವ ಹೊತ್ತಿಗೆ ಧರೆಪ್ಪ ಉತ್ತರ ಕೇಳಲು ಹೊಲಕ್ಕೇ ಬರುತ್ತಾನೆ. ಅಮಸಿದ್ದಪ್ಪ ಬದುವಿನಾಚೆಯ ಗಿಡದಿಂದ ಬಿರಿದ ಹತ್ತಿಕಾಯಿ ಕೀಳುತ್ತಾನೆ. ಬೀಜ ಬಿಡಿಸಿ, ಅರಳೆಯನ್ನು ಉಂಡೆ ಮಾಡಿ, ತಮ್ಮನ ಎರಡೂ ಕಿವಿಗೆ ತುರುಕಿ, ಎಂಜಿನ್ ಹಚ್ಚಿ ಏನೋ ಹೇಳುತ್ತಾನೆ.

ಧರೆಪ್ಪ ನಗುತ್ತ ಕೈ ಆಡಿಸುತ್ತಾನೆ. "ಏನಂದಿ ಅಣ್ಣಾ? ಕೇಳಸವಲ್ದು."

ಅಣ್ಣನಿಗೂ ಆ ಮಾತು ಕೇಳಿಸಿಲ್ಲ, ತುಟಿಯಿಂದ ತಿಳಿಯಿತು. ಎಂಜಿನ್ ಆರಿಸಿ, ಅರಳೆ ತೆಗೆದು ತಮ್ಮನ ಅಂಗೈಯಲ್ಲಿಟ್ಟು ಬೆರಳು ಮಡಚುತ್ತಾನೆ.

"ಹೋಗಿ ಬಾ ಅಂದೆ. ಇದನ್ನ ಬಿಟ್ಟು ಎಂಜಿನ್ ಬಾಜೂಕ ನಿಂದರಬ್ಯಾಡ ಅಂದೆ. ನಿನಗ ಅರಳಿ ತಗದ್ರ ಕೇಳತೈತಿ, ಧರೆಪ್ಪಾ. ನನ್ನ ಕಿವ್ಯಾಗ ತಗ್ಯಾಕ ಏನೂ ಇಲ್ಲ."