ಬಾಡಿಗಿ ಹೋಗೋ ತಂತಿ

ನಮ್ಮ ಯಜಮಾನರ ಹಳೆಯ ಕಾರನ್ನು ನಾನು ಸವತಿ ಎಂದೇ ಕರೆಯುತ್ತೇನೆ. ನನ್ನ ತಲೆಗೆ ಒಂದು ದಿನವೂ ಎಣ್ಣೆ ಹಚ್ಚಿದವರಲ್ಲ, ಅದರ ಒಂದೊಂದು ತಿರುಪಿಗೂ ಹಚ್ಚುತ್ತಾರೆ. ಸರ್ಕಾರಿ ಕಾರ್ಖಾನೆಯ ನೌಕರಿಗೆಂದು ಧಾರವಾಡದ ಕಡೆಯಿಂದ ನಾಗಪುರಕ್ಕೆ ಬಂದು, ನೌಕರಿ ಮುಗಿದ ಮೇಲೂ ಇಲ್ಲೇ ಉಳಿದವರು ನಾವು. ಕಾರೂ ಉಳಿದಿದೆ. ಓಡುವುದು ಕಡಿಮೆ, ನಿಲ್ಲುವುದು ಜಾಸ್ತಿ.

ಅದರ ಬಲಗಡೆಯ ಬಾಗಿಲು ತೆರೆಯುವುದಿಲ್ಲ. ಬದಲಿಸಿ ಎಂದರೆ, "ಒರಿಜಿನಲ್ ಐತಿ, ಮುಟ್ಟಬ್ಯಾಡ" ಎನ್ನುತ್ತಾರೆ. ಹೀಗಾಗಿ ಎಡಬಾಗಿಲಿನಿಂದ ಹತ್ತಿ, ಬೆಂಚಿನಂಥ ಸೀಟಿನ ಮೇಲೆ ಕುಂಡಿ ಸರಿಸುತ್ತ ಸರಿಸುತ್ತ ಸ್ಟೇರಿಂಗಿನ ಹತ್ತಿರ ಹೋಗಬೇಕು. ಅವರ ಹೊಟ್ಟೆ ದೊಡ್ಡದು, ಮೊಳಕಾಲು ಕೆಟ್ಟದ್ದು. ನೋಡುವವರಿಗೆ ಪುಕ್ಕಟೆ ನಾಟಕ.

ಮದುವೆ ಹಂಗಾಮಿನಲ್ಲಿ ಓಣಿಯವರು ಬಂದು, ಮದುಮಗನನ್ನು ಕೂಡಿಸಿ ಮೆರವಣಿಗೆ ಮಾಡಲು ಕಾರನ್ನು ಬಾಡಿಗೆಗೆ ಕೇಳುತ್ತಾರೆ. ಕೊಡಿ ಎಂದು ನಾನೂ ಹೇಳಿ ಹೇಳಿ ಸಾಕಾದೆ.

"ಲಕ್ಷ್ಮೀನ ಯಾರರ ಬಾಡಿಗಿ ಕೊಡ್ತಾರೇನ?" ಎನ್ನುತ್ತಾರೆ.

"ಇಷ್ಟ ಹೊಗಿ ಉಗುಳೂ ಲಕ್ಷ್ಮೀನ ನಾ ಎಲ್ಲೂ ಕಂಡಿಲ್ಲ ಬಿಡ್ರಿ."

ಹೋದ ವರ್ಷ ಖಂಡೇನವಮಿಗೆ ಆ ಲಕ್ಷ್ಮಿಗೆ ಆಯುಧಪೂಜೆಯಾಯಿತು. ಬ್ಯಾಟರಿಯ ತಂತಿಗಳನ್ನು ಬಿಚ್ಚಿ, ಒರೆಸಿ, ಮತ್ತೆ ಕೂಡಿಸಿ, ತಂತಿ ಕೂಡುವ ಎರಡೂ ಕೊಂಬಿನ ಮೇಲೆ, ತಂತಿಗಳ ಮೇಲೂ ಬೆರಳು ತುಂಬ ಕುಂಕುಮ ಮೆತ್ತಿದರು. ನನ್ನ ಹಣೆಗೂ ಅಷ್ಟು ಕುಂಕುಮ ನಾನು ಎಂದೂ ಇಟ್ಟುಕೊಂಡಿಲ್ಲ.

ದಸರೆಯ ಮರುದಿನ ಬೆಳಿಗ್ಗೆ ಕಳಮನಾ ಬಜಾರದಿಂದ ಉಳ್ಳಾಗಡ್ಡಿ ಚೀಲ ತರುತ್ತೇನೆಂದು ಹೊರಟರು. ನಾನು ಒಲೆಯಿಂದ ಹಾಲಿನ ಪಾತ್ರೆ ಇಳಿಸುತ್ತಿದ್ದೆ. ಅಂಗಳದಲ್ಲಿ ಹಾರ್ನ್ ಶುರುವಾಯಿತು. ನಿಲ್ಲಲೇ ಇಲ್ಲ. ಎಮ್ಮೆಯ ಬಾಲಕ್ಕೆ ಬಾಗಿಲು ಬಡಿದಂಥ ಒದರಾಟ. ಬೈಯಬೇಕೆಂದು ಇಕ್ಕಳ ಹಿಡಿದುಕೊಂಡೇ ಹೊರಗೆ ಬಂದೆ. ನೋಡಿದರೆ ಸ್ಟೇರಿಂಗಿನ ಕೆಳಗಿಂದ ಕರಿ ಹೊಗೆ, ಹೊಗೆಯ ನಡುವೆ ನಮ್ಮವರ ಬೋಳು ತಲೆ.

"ಚಾವಿ ತಗೀರಿ!"

"ತಗದೇನಿ! ನಿಲ್ಲವಲ್ದು!"

"ಮೊದಲ ಹೊರಗ ಬರ್ರಿ!"

ಬರುವುದೆಲ್ಲಿ? ಗಾಬರಿಯಲ್ಲಿ ಸರಿಯಲು ಹೋಗಿ ಕೆಟ್ಟ ಮೊಳಕಾಲನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿಕೊಂಡಿದ್ದರು. ಎಡಬಾಗಿಲು ತೆರೆದು ಅಂಗಿ ಹಿಡಿದು ಎಳೆದೆ. ಅಂಗಿ ಬಂತು, ಮನುಷ್ಯ ಬರಲಿಲ್ಲ.

"ನನ್ನ ಬಿಡ! ಬ್ಯಾಟ್ರಿ ತಂತಿ ಬಿಚ್ಚ, ಇಲ್ಲಂದ್ರ ಇಲ್ಲೇ ಸುಟ್ಟಹೋಗ್ತೇನಿ!" ಎಂದು ಒಳಗಿನ ಹಿಡಿಕೆ ಎಳೆದು ಬಾನೆಟ್ ಸಡಿಲಿಸಿದರು.

ಬಾನೆಟ್ ಎತ್ತಿದೆ.

"ಕೆಂಪಂದು ಮುಟ್ಟಬ್ಯಾಡ! ಕರೇದು ಬಿಚ್ಚ!"

"ಎರಡೂ ಕೆಂಪ ಅದಾವ! ನೀವ ಬಳದೀರಲ್ಲ ಕುಂಕಮಾ!"

ಬ್ಯಾಟರಿಯ ಮೇಲೆ ಕೂಡಿಸುವ ಗುರುತು, ಕಳೆಯುವ ಗುರುತು ಇರುತ್ತವಂತೆ. ಅವೂ ಕುಂಕುಮದ ಕೆಳಗೆ ಮುಚ್ಚಿಹೋಗಿದ್ದವು. ದೇವರ ಹೆಸರು ಹೇಳಿ ಒಂದಕ್ಕೆ ಇಕ್ಕಳ ಹಾಕಿದೆ. ಇಕ್ಕಳದ ಹಿಂಬದಿ ಕಾರಿನ ತಗಡಿಗೆ ತಾಗಿ ಟಪ್ ಎಂದು ಕಿಡಿ ಹಾರಿತು. ದೇವರಿಗೂ ಕಾರು ಗೊತ್ತಿಲ್ಲ.

ಅಷ್ಟರಲ್ಲಿ ಎದುರುಮನೆಯ ಮರಾಠಿಯವನು ಬಕೆಟ್ ಹಿಡಿದು ಓಡಿಬಂದ. "ಆಜಿ, ಪಾಣೀ ಟಾಕೂ ಕಾ?"

"ನೀರ ಹಾಕಬ್ಯಾಡ ಅನ್ನ ಅವಗ!" ಒಳಗಿಂದ ಕೆಮ್ಮು ಬಂತು, ಕೆಮ್ಮಿನ ಹಿಂದೆ ಮಾತು. "ಏ, ಬಾಡಿಗಿ ಹೋಗೇತಲ್ಲ, ಅದನ್ನ ಬಿಚ್ಚ! ಬಾಡಿಗಿ ಹೋಗಿದ್ದು!"

ನನ್ನ ಕೈ ನಿಂತೇ ಹೋಯಿತು. ಸಾಯುವ ಹೊತ್ತಿಗೆ ಮನುಷ್ಯನಿಗೆ ಬುದ್ಧಿ ಬಂತು ಎಂದುಕೊಂಡೆ.

"ಕೊಡೂಣಂತ ತಗೋರಿ! ಯಾರ ಕೇಳಿದ್ರೂ ಬಾಡಿಗಿ ಕೊಡೂಣು! ಮೊದಲ ತಂತಿ ಯಾವದು ಹೇಳ್ರಿ!"

"ಥೂ, ಆ ಬಾಡಿಗಿ ಅಲ್ಲ! ಗಾಡಿ ಬಾಡಿಗಿ! ತಗಡಿಗೆ ಬೋಲ್ಟ್ ಹಾಕೇತಿ ನೋಡ, ಆ ತಂತಿ!"

ಆಗ ಕಂಡಿತು. ಒಂದು ತಂತಿ ಎಲ್ಲೋ ಒಳಗೆ ನುಗ್ಗಿತ್ತು, ಇನ್ನೊಂದು ಗೇಣಿನಷ್ಟು ದೂರದಲ್ಲೇ ಕಾರಿನ ತಗಡಿಗೆ ಕೂತಿತ್ತು. ಬ್ಯಾಟರಿಯ ಕೊಂಬಿಗಿದ್ದ ಅದರ ಹಿಡಿಕೆಯನ್ನು ಇಕ್ಕಳದಿಂದ ಎರಡು ಸಲ ತಿರುವಿ ಮೇಲೆತ್ತಿದೆ. ಪೂಜೆಯ ದಿನ ನಟ್ಟು ಬಿಗಿಯುವ ಪಾನಾ ಹುಡುಕಲು ಬೇಸರವಾಗಿ ಅದನ್ನು ಕೈಯಿಂದಲೇ ತಿರುವಿ ಬಿಟ್ಟಿದ್ದರು. ಅವರ ಜೀವ ಉಳಿಸಿದ್ದು ಅವರ ಮೈಗಳ್ಳತನ.

ಹಾರ್ನ್ ನಿಂತಿತು. ಓಣಿಯಲ್ಲಿ ಅಷ್ಟು ಶಾಂತಿ ನಾನು ಎಂದೂ ಕೇಳಿರಲಿಲ್ಲ. ಹೊಗೆ ತೆಳ್ಳಗಾಯಿತು. ಎದುರುಮನೆಯವನೂ ನಾನೂ ಸೇರಿ ಅವರ ಕಾಲು ಬಿಡಿಸಿ ಚೀಲದ ಹಾಗೆ ಹೊರಗೆ ಎಳೆದು ಹಾಕಿದೆವು.

"ಬರೇ ವೈರಿಂಗ್ ಸುಟ್ಟೇತೋ, ಮತ್ತೇನರ...?"

"ಮೊದಲ ನಿಮ್ಮ ಮೀಸಿ ಐತೋ ಇಲ್ಲೋ ನೋಡ್ಕೋರಿ," ಎಂದೆ. "ಇಂಗ್ಲೀಷ ಬಾಡಿ ಬಿಟ್ಟು ಗಾಡಿ ಮೈಗೆ ಹೋಗೂ ತಂತಿ ಅನ್ನಾಕ ಏನ ಧಾಡಿ ಆಗಿತ್ತು? ಮೈ ಅನ್ನೂ ಮಾತ ಮರತಿರೇನ?"

ಮೀಸೆ ಮುಟ್ಟಿ ನೋಡಿಕೊಂಡರು. ಇತ್ತು. ನಾನು ಒಳಗೆ ಹೋಗಿ ನೋಡಿದರೆ ಒಲೆಯ ಮೇಲಿನ ಹಾಲೆಲ್ಲ ಉಕ್ಕಿ ಹೋಗಿತ್ತು. ಇಕ್ಕಳದ ತುದಿಯಲ್ಲಿ ಒಂದು ಕಚ್ಚು ಬಿದ್ದಿದೆ. ಪಾತ್ರೆಯ ಅಂಚು ಅದರಲ್ಲಿ ಮೊದಲಿಗಿಂತ ಗಟ್ಟಿಯಾಗಿ ಕೂಡುತ್ತದೆ.

ಈ ವರ್ಷದ ಖಂಡೇನವಮಿಗೆ ಅವರು ಕುಂಕುಮದ ಬಟ್ಟಲು ಹಿಡಿದು ಬಂದಾಗ ನಾನು ಕಾಡಿಗೆ ಡಬ್ಬಿ ಹಿಡಿದು ಮುಂದೆ ನಿಂತಿದ್ದೆ.

"ಬ್ಯಾಟ್ರಿಗೆ ದೃಷ್ಟಿ ಆಗೇತೇನ?" ಎಂದು ನಕ್ಕರು.

"ಬಾಡಿಗಿ ಹೋಗೋದಕ್ಕ ಕಾಡಿಗಿ. ಮುಂದಿನ ಸಲ ನೀವ ಬಾಯಿ ತಗಿಯೂದು ಬ್ಯಾಡ."

ಅವರು ಕುಂಕುಮದ ಬಟ್ಟಲನ್ನು ಕೆಳಗಿಟ್ಟರು. ನಾನು ಬಳಿದು ಮುಗಿಸುವ ತನಕ ಬಾನೆಟ್ ಎತ್ತಿ ಹಿಡಿದು ನಿಂತರು.