ಬೀಳುವುದಿಲ್ಲ ಎಂದು ಗೊತ್ತಿರದ ಹಲ್ಲು

೧೯೮೫ರ ಮೇ ೧೨, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಕುಬಿಹಾಳದ ನಮ್ಮ ಮನೆಯ ಮಾಳಿಗೆಯ ಮೇಲೆ ಕೂತು ಈ ಲೆಕ್ಕ ಶುರು ಮಾಡಿದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವುದು ಪ್ರತಿ ವರ್ಷದ ಕೆಲಸ; ಹಳೆ ಮಣ್ಣನ್ನು ಬುಡದವರೆಗೆ ಕೆರೆಯುವುದು ಎಷ್ಟೋ ವರ್ಷಕ್ಕೊಮ್ಮೆ. ಪಿಯುಸಿ ಮುಗಿಸಿ ಮನೆಯಲ್ಲಿದ್ದುದರಿಂದ ಆ ಸಲ ಕೆರೆಯುವುದು ನನ್ನ ಪಾಲಿಗೆ ಬಂತು. ಸಲಿಕೆಗೆ ಮೊದಲು ತಗುಲಿದ್ದು ಒಣಗಿದ ಸಗಣಿ ಉಂಡೆ. ಒಡೆದರೆ ಒಳಗೊಂದು ಹಲ್ಲು.

ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿಯಲ್ಲಿಟ್ಟು ಮಾಳಿಗೆಗೆ ಎಸೆಯುವುದು ನಮ್ಮಲ್ಲಿ ರೂಢಿ. ನಾನೂ ಎಸೆದವಳೇ. ಎಸೆದದ್ದು ನಮ್ಮ ತಲೆಯ ಮೇಲೆಯೇ ಮಣ್ಣಿನಲ್ಲಿ ಉಳಿದಿರುತ್ತದೆ ಎಂದು ಯೋಚಿಸಿರಲಿಲ್ಲ. ಮಧ್ಯಾಹ್ನದೊಳಗೆ ಇಪ್ಪತ್ಮೂರು ಸಿಕ್ಕವು. ಹಿತ್ತಲಲ್ಲಿ ಕೂತು ತೊಳೆಯುತ್ತಿದ್ದಾಗ ಅಣ್ಣನ ಹೆಂಡತಿ, ನನ್ನ ವೈನಿ, ಬಂದು ನಿಂತರು.

"ತಂಗೀ, ಅದು ಬ್ಯಾಳಿ ತೊಳಿಯೂ ಬೋಗುಣಿ."

"ಬೂದಿ ಹಚ್ಚಿ ತಿಕ್ಕಿ ಕೊಡ್ತೀನ್ರಿ."

"ಬ್ಯಾಡ. ಇನ್ನ ಅದು ನಿಂದ. ಗಂಡನ ಮನಿಗೂ ಅದನ್ನ ಒಯ್ಯಿ."

ಹದಿನಾಲ್ಕು ಹಲ್ಲು ಗಟ್ಟಿ ಇದ್ದವು, ಒಂಬತ್ತು ಹುಳುಕು. ಹುಳುಕಿನವು ಉಗುರು ತಾಗಿಸಿದರೆ ಕಂದು ಪುಡಿಯಾಗಿ ಉದುರುತ್ತಿದ್ದವು. ಆ ಪುಡಿ ಉಗುರಿನ ಸಂದಿಯಲ್ಲಿ ಕೂತು, ಅಂದು ನನಗೆ ರೊಟ್ಟಿ ಮುರಿಯಲು ಮನಸ್ಸಾಗಲಿಲ್ಲ. ಅವ್ವ ಮಾತ್ರ ನೋಡಿದ ಕೂಡಲೇ ತೀರ್ಪು ಕೊಟ್ಟಳು: "ಗಟ್ಟಿ ಇದ್ದಾವೆಲ್ಲ ನಿಮ್ಮಪ್ಪನ್ವು. ಹೊಲದಾಗ ಕುಂತು ಹಸೇ ತಪ್ಪಲ ತಿಂದ ಬೆಳದಾವ್ರು ಅವ್ರು. ಹುಳಕು ನಿಮ್ಮವು."

ಯಾವ ಹಲ್ಲು ಯಾರದೆಂದು ತಿಳಿಯುವ ದಾರಿ ಇರಲಿಲ್ಲ. ಬಾಯಲ್ಲಿರುವುದನ್ನಾದರೂ ನೋಡೋಣವೆಂದು ಸಂಜೆ ಅಣ್ಣನ ಮಗಳ ಬಾಯಿ ತೆರೆಸಿದೆ. ಅವಳಿಗೆ ಆರು ವರ್ಷ. ಬಲಗಡೆ ಕೆಳಗೆ, ಎಲ್ಲಕ್ಕಿಂತ ಹಿಂದಿನ ಹಲ್ಲಿನ ಗೀರಿನಲ್ಲಿ ಕಂದು ಕಲೆ. ಬಾಯಿಂದ ಹುಳಿತ ಹಿಟ್ಟಿನ ವಾಸನೆ ಬಂತು. ನಾನು ಮುಖ ತಿರುಗಿಸಿದೆ.

"ಬಿದ್ದ ಹೋಗತೈತಿ ಬಿಡ," ಎಂದಳು ಅವ್ವ.

ಮೇ ೨೮ರಂದು ಅಣ್ಣ, ನಾನು, ಮಗು ಹುಬ್ಬಳ್ಳಿಗೆ ಹೋದೆವು. ಹಲ್ಲಿನ ಡಾಕ್ಟರು ಬೆಳಕು ಹಿಡಿದು ನೋಡಿ, "ಇದು ಬೀಳೂ ಹಲ್ಲಲ್ರಿ. ಆರನೇ ವರ್ಷಕ್ಕ ಬಂದು ಕಡೀತನಕ ಇರೂದು. ಇದು ಹೋದ್ರ ಬ್ಯಾರೆ ಬರೂದಿಲ್ಲ," ಎಂದರು. ಮನೆಯಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಇನ್ನೂ ತೂತಾಗಿಲ್ಲ, ಸಿಹಿ ನಿಲ್ಲಿಸಿ, ಎರಡು ಹೊತ್ತು ತಿಕ್ಕಿಸಿ, ಮೂರು ತಿಂಗಳಿಗೆ ಮತ್ತೆ ಬನ್ನಿ ಎಂದರು. ಅವ್ವ ಹೇಳಿದ ಹಸಿ ತಪ್ಪಲಿನಿಂದ, ಅಂದರೆ ಹಸಿ ಸೊಪ್ಪಿನಿಂದ, ಉಪಯೋಗವಿದೆಯೇ ಎಂದು ಕೇಳಿದೆ. ಕೋಬಿ ಎಂಬ ಎಲೆಕೋಸು, ಮೂಲಂಗಿಯಂಥವುಗಳ ರಸದಲ್ಲಿರುವ ಅಂಶ ಹಲ್ಲು ಕೊಳೆಸುವ ಜಂತುಗಳನ್ನು ತಡೆಯಬಹುದು ಎನ್ನುವವರಿದ್ದಾರೆ, ತಮಗೆ ಖಾತ್ರಿ ಇಲ್ಲ ಎಂದರು. ನಾನು "ತಡೆಯಬಹುದು" ಎಂಬುದನ್ನಷ್ಟೇ ಬರೆದುಕೊಂಡೆ.

ಜೂನ್ ೧ರಿಂದ ಪ್ರಯೋಗ. ಅಣ್ಣ ಸಂಶಿಯಿಂದ ಮೂಲಂಗಿ ತರುತ್ತಿದ್ದ. ಶಾಲೆಯಿಂದ ಬಂದ ಮೇಲೆ ಮಗು ಒಂದು ತುಂಡು ಗಡ್ಡೆ, ಎರಡು ಎಲೆಯನ್ನು ಬಲಗಡೆಯಿಂದ ಇಪ್ಪತ್ತು ಸಲ ಅಗಿಯಬೇಕು. ದೀಪ ಹಚ್ಚುವ ಹೊತ್ತಿಗೆ ಹಳೆ ಧೋತರದ ಚೂರಿನಿಂದ ಆ ಹಲ್ಲು ಒರೆಸಿ, ಬಟ್ಟೆಗೆ ಬಂದ ಲೋಳೆ ನೋಡಿ, ಮೂಸಿ, ಬರೆಯುತ್ತಿದ್ದೆ. ವಾಸನೆಗೆ ಮೂರು ಕಾಲಂ: ಇಲ್ಲ, ಇದೆ, ತಡೆಯಲಾಗದು. ಮೂರನೆಯದೇ ಹೆಚ್ಚು ತುಂಬಿತು. ಮಗುವಿನ ಎಂಜಲು ನನ್ನ ಬೆರಳಿನಿಂದ ಮೊಣಕೈವರೆಗೆ ಇಳಿಯುತ್ತಿತ್ತು, ಮೂಲಂಗಿ ತೇಗು ನೇರ ಮುಖಕ್ಕೆ ಬರುತ್ತಿತ್ತು. ಎರಡು ಸಲ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ.

"ಅತ್ತಿ, ನೀನೂ ತಿನ್ನು, ನಾನೂ ಮೂಸ್ತೀನಿ," ಎಂದಳು ಮಗು ಒಂದು ದಿನ. ನ್ಯಾಯವಾದ ಮಾತು. ನಾನು ತಿನ್ನಲಿಲ್ಲ.

ಜುಲೈ ೩೧ಕ್ಕೆ ಅರವತ್ತೊಂದು ದಿನ. ಅಗಿದು ನುಂಗಿದ್ದು ಮೂವತ್ತೆಂಟು, ಉಗುಳಿದ್ದು ಹದಿನೇಳು, ಬುಟ್ಟಿಯ ಹಿಂದೆ ಬಚ್ಚಿಟ್ಟದ್ದು ಆರು. ಅಗಿದ ದಿನ ಲೋಳೆ ಕಡಿಮೆ ಕಂಡಿತೆಂದು ನಾನು ಹಿಗ್ಗಿದ್ದೆ. ಮಾರನೆಯ ಬೆಳಿಗ್ಗೆ ದನದ ಕೊಟ್ಟಿಗೆಯ ಮೂಲೆಯಲ್ಲಿ ಎಸೆದಿದ್ದ ಬಟ್ಟೆ ಚೂರುಗಳನ್ನು ಸುಡಲು ಹೋದರೆ, ಇರುವೆ ಮುತ್ತಿದ್ದವು. ಪ್ರತಿ ಚೂರಿಗೂ ತಾರೀಖು ಬರೆದಿದ್ದೆ. ಅಗಿದ ದಿನದ ಚೂರುಗಳಿಗೆ ಇರುವೆ, ಉಗುಳಿದ ದಿನದವಕ್ಕೆ ಇಲ್ಲ. ಒಂದನ್ನೆತ್ತಿ ಮೂಗಿಗೆ ಹಿಡಿದೆ. ಮೂಲಂಗಿ ನಾತದ ಕೆಳಗೆ ಬೆಲ್ಲ.

ಅವ್ವನನ್ನು ಕೇಳಿದೆ.

"ಹೂಂ, ಕೊಟ್ಟೀನಿ. ಖಾರ ಹತ್ತಿ ಕೂಸು ಕಣ್ಣಾಗ ನೀರ ಹಾಕತೈತಿ. ಪೂರ್ತಿ ತಿಂದ್ರ ಒಂದ ಚೂರ ಬೆಲ್ಲ."

"ದಿನಾನೂ?"

"ತಿಂದ ದಿನ. ಉಗುಳಿದ್ರ ಯಾಕ ಕೊಡ್ಲಿ?"

ಅಂದರೆ ಮೂವತ್ತೆಂಟು ದಿನ ಮೂಲಂಗಿ, ಮೂವತ್ತೆಂಟು ದಿನ ಬೆಲ್ಲ, ಅದೇ ಹಲ್ಲಿನ ಗೀರಿಗೆ. ಅವ್ವನ ಮೇಲೆ ಸಿಟ್ಟು ಬಂತು, ಆದರೆ ನನ್ನ ಲೆಕ್ಕದ ವಹಿ ನೋಡಿದಾಗ ಬಂದ ಹೇಸಿಗೆ ಅದಕ್ಕಿಂತ ದೊಡ್ಡದು. ದಿನಾ ಎಂಜಲು ಮೂಸಿದವಳು, ಅಗಿದ ಮೇಲೆ ಬಾಯಿಗೆ ಮತ್ತೇನು ಹೋಯಿತೆಂದು ಒಂದು ದಿನವೂ ಕೇಳಿರಲಿಲ್ಲ.

ಬೆಲ್ಲ ನಿಂತಿತು. ಬೆಲ್ಲದ ಜೊತೆ ಮಗು ಮೂಲಂಗಿಯನ್ನೂ ಬಿಟ್ಟಳು. ಸೆಪ್ಟೆಂಬರ್ ೩ರಂದು ಡಾಕ್ಟರು ಆ ಹಲ್ಲಿನ ಗೀರಿಗೆ ಸೂಜಿ ತಾಗಿಸಿದರೆ ಅದರ ತುದಿ ಒಳಗೆ ಇಳಿಯಿತು. ತೂತು ಆಳಕ್ಕೆ ಹೋಗಿರಲಿಲ್ಲ, ಕೊರೆದು ತುಂಬಿದರು. ಮಗು ಕಿರುಚಿದ್ದು, ಸುಟ್ಟ ಎಲುಬಿನಂಥ ವಾಸನೆ, ತಟ್ಟೆಗೆ ಬಿದ್ದ ಕಂದು ಕೊಳೆ, ಯಾವುದಕ್ಕೂ ನಾನು ಕಾಲಂ ಹಾಕಿಲ್ಲ. ಹಲ್ಲು ಉಳಿದಿದೆ. ಉಳಿಸಿದ್ದು ಡಾಕ್ಟರು, ತರಕಾರಿ ಅಲ್ಲ. ತರಕಾರಿ ಕೆಡಿಸಿತೆಂದೂ ನಾನು ಹೇಳಲಾರೆ.

ಮಕ್ಕಳಿಗೆ ಹಸಿ ಮೂಲಂಗಿ, ಕೋಬಿ, ಹಕ್ಕರಕಿ ಸೊಪ್ಪು ತಿನ್ನಿಸಿ, ಮೇಲೆ ಸಿಹಿ ಕೊಡದೆ, ಹಲ್ಲಿನ ಲೆಕ್ಕ ಇಟ್ಟವರು ಯಾರಾದರೂ ಇದ್ದರೆ, ಅಥವಾ ಆ ರಸದ ಅಂಶದ ಬಗ್ಗೆ ಖಾತ್ರಿಯಾಗಿ ಬಲ್ಲವರಿದ್ದರೆ, ಈ ಪತ್ರಿಕೆಯ ಮೂಲಕ ನನಗೊಂದು ಕಾರ್ಡು ಹಾಕಬೇಕು. ಅವಳ ಎಡಗಡೆಯ ಅಂಥದೇ ಹಲ್ಲು ಈಗಷ್ಟೇ ಪೂರ್ತಿ ಮೇಲೆ ಬಂದಿದೆ. ಅದರ ಮೇಲೆ ಇನ್ನೂ ಕಲೆ ಇಲ್ಲ.